ಪಾಳು ಬಾವಿಯ ನೀರು

ನಮ್ಮ ಕಡೆಯ ಜನಕ್ಕೆ ಒಂದು ಚಾಳಿಯಿದೆ. ತಮ್ಮ ಹತ್ತಿರ ಇರುವುದನ್ನು ಇದೆ ಎಂದು ಯಾರೂ ಒಪ್ಪಿಕೊಳ್ಳುವುದಿಲ್ಲ. ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿ ನೋಡಿ, "ಕರುವಿಗೇ ಸಾಲಂಗಿಲ್ರಿ" ಅನ್ನುತ್ತಾರೆ. ಒಳಗೆ ಒಲೆಯ ಮೇಲೆ ಬೆರಳುದಪ್ಪ ಕೆನೆ ಕಟ್ಟಿರುತ್ತದೆ. ಮಗಳು ತರಗತಿಗೇ ಮೊದಲು ಬಂದಿದ್ದರೂ "ಏನೋ, ಸುಮ್ನ ಹೋಗಿ ಬರ್ತಾಳ" ಎಂದು ಮಾತು ತಿರುಗಿಸುತ್ತಾರೆ. ದೃಷ್ಟಿ ತಾಗುತ್ತದೆ ಎನ್ನುವ ಅಂಜಿಕೆ ಅರ್ಧ, ಮರ್ಯಾದೆ ಇನ್ನರ್ಧ. ಇದನ್ನು ಹೊರಗೆ ನಿಂತು ಆಡಿಕೊಳ್ಳುತ್ತಿಲ್ಲ, ನಾನೂ ಅದೇ ಜನ. ಸಂಬಳ ಆಯಿತೇ ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಗೂ ಮೊದಲು ಬರುವುದು "ಎಲ್ಲಿ ಬಂತ್ರಿ" ಎಂಬ ಮಾತೇ.

ಈ ವಿದ್ಯೆಯಲ್ಲಿ ನಮ್ಮತ್ತಿಗೆಯನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಬೆಳಿಗ್ಗೆ ಅವಳು ಹೂವಿನ ಬುಟ್ಟಿ ಹಿಡಿದು ತಂಬ್ರಹಳ್ಳಿ ದಾರಿಯಲ್ಲಿ ಬಸ್ಸು ಹತ್ತಿದರೆ ಡ್ರೈವರನ ಸೀಟಿನ ತನಕ ಮಲ್ಲಿಗೆ ಘಮ್ಮೆನ್ನುತ್ತದೆ. ಬುಟ್ಟಿ ತೊಡೆಯ ಮೇಲೆ, ಬುಟ್ಟಿಯ ಮೇಲೆ ಒದ್ದೆ ಬಟ್ಟೆ, ಬಟ್ಟೆಯ ಅಂಚಿನಿಂದ ಇಣುಕುವ ಮೊಗ್ಗು. ಪಕ್ಕದ ಹೆಂಗಸು ಕೇಳುತ್ತಾಳೆ, "ಹೂವು ಹೆಂಗವ್ವಾ ಈ ಸಲ?" ಅತ್ತಿಗೆ ಮುಖವನ್ನು ಗಂಟು ಹಾಕಿ, "ಎಲ್ಲಿ ಹೂವು ಯಕ್ಕಾ, ಗಿಡಾನ ಎದ್ದಿಲ್ಲ" ಅನ್ನುತ್ತಾಳೆ. ಕೇಳಿದವಳು ಅಯ್ಯೋ ಪಾಪ ಎಂದು ತಲೆಯಾಡಿಸುತ್ತಾಳೆ. ಅವಳೇನೂ ನಂಬಿರುವುದಿಲ್ಲ, ನಂಬಲಿ ಎಂದು ಇವಳೂ ಹೇಳಿರುವುದಿಲ್ಲ. ಇಲ್ಲ ಎಂದರೆ ಚೆನ್ನಾಗಿದೆ, ಏನೂ ಇಲ್ಲ ಎಂದರೆ ಬಹಳ ಚೆನ್ನಾಗಿದೆ ಎಂದು ನಮ್ಮಲ್ಲಿ ಎಲ್ಲರೂ ತಮ್ಮಷ್ಟಕ್ಕೆ ತಾವೇ ತಿಳಿದುಕೊಳ್ಳುತ್ತಾರೆ.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ತವರು ತಂಬ್ರಹಳ್ಳಿಯಿಂದ ಒಳಗೆ, ಬಸ್ಸಿಗೆ ಹೆಚ್ಚು ದೂರವಲ್ಲ. ಅಣ್ಣ ಲಾರಿ ಡ್ರೈವರು, ಮನೆಗಿಂತ ರಸ್ತೆಯ ಮೇಲೆಯೇ ಹೆಚ್ಚು ಇರುವವನು. ಹೀಗಾಗಿ ಅಪ್ಪ ಬಿಟ್ಟುಹೋದ ಹೊಲ ನಿಜವಾಗಿ ನೋಡಿಕೊಂಡವಳು ಅತ್ತಿಗೆ. ಅವಳ ತವರು ಹಡಗಲಿ ಕಡೆ. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲೇ ಅಲ್ಲಿಂದ ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಮಲ್ಲಿಗೆ ಸಸಿ ತಂದಳು. ನಾನಾಗ ಓದುತ್ತಿದ್ದ ಹುಡುಗಿ, ಬಾಯಿ ಬೇರೆ ಜಾಸ್ತಿ. "ಅತ್ತಿಗಿ, ನೀ ಸಂಸಾರ ಮಾಡಾಕ ಬಂದೀಯೋ, ನರ್ಸರಿ ಇಡಾಕ ಬಂದೀಯೋ" ಎಂದು ಕಾಡಿಸಿದ್ದೆ. ಅವಳು ನಮ್ಮ ಹೊಲದ ಬಾವಿಯ ಪಕ್ಕದ ತುಂಡು ನೆಲವನ್ನು ಅಗೆಯತೊಡಗಿದ್ದಳು. ಇವತ್ತಿಗೂ ಮನೆಯಲ್ಲಿ ಅವಳದು ಎಂದು ಹೇಳಬಹುದಾದ ಒಂದೇ ಆದಾಯ, ಒಂದೇ ಹೆಮ್ಮೆ, ಆ ಮಲ್ಲಿಗೆ ತೋಟ. ಹೆಮ್ಮೆ ಎಂದು ನಾನು ಹೇಳುತ್ತಿದ್ದೇನೆ, ಅವಳನ್ನು ಕೇಳಿದರೆ ನಾಲ್ಕು ಕಡ್ಡಿ ಅದಾವ ಅನ್ನುತ್ತಾಳೆ.

ತೋಟಕ್ಕೆ ಜೀವ ಆ ಬಾವಿ. ಕಲ್ಲು ಕಟ್ಟಿದ, ಮೆಟ್ಟಿಲಿರುವ, ಹಳೆಯ ಕಾಲದ ಅಗಲವಾದ ತೆರೆದ ಬಾವಿ. ಸುತ್ತಲಿನ ಬೋರುಗಳು ಬೇಸಿಗೆಯಲ್ಲಿ ಬರೀ ಗಾಳಿ ಉಗುಳುವಾಗಲೂ ಇದರಲ್ಲಿ ನೀರು ನಿಂತಿರುತ್ತದೆ. ನಲ್ಲಿ ಕೈಕೊಟ್ಟ ದಿನ ಹೊಲದ ಅಂಚಿನ ಸಾಲುಮನೆಗಳವರೆಲ್ಲ ಕೊಡ ಹಿಡಿದು ಇಲ್ಲಿಗೇ ಬರುವುದು. ಬಂದವರಾರೂ ನೀರು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ತುಂಬಿಕೊಂಡು ಹೋಗುತ್ತಾರೆ.

ಅತ್ತಿಗೆಯ ಅಂಜಿಕೆಗೆ ಒಂದು ಕಾರಣವೂ ಇದೆ. ಹಿಂದೆ ಅಣ್ಣ ಹೊಲದ ಮೇಲ್ತುದಿಯಲ್ಲಿ ಒಂದು ಬೋರು ಹಾಕಿಸಿದ್ದ. ನೀರು ಚಿಮ್ಮಿತು. ಅವನು ಖುಷಿಗೆ ಚಹಾ ಹೋಟೆಲಿನಲ್ಲಿ ಕೂತು, ನನ್ನ ಬೋರಿನ ನೀರು ಬಿಟ್ಟರೆ ಊರ ಕೆರೆ ತುಂಬುತ್ತದೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟ. ಮರುವರ್ಷ ಅದು ಬತ್ತಿತು. ಆಸುಪಾಸಿನಲ್ಲಿ ಅದೇ ವರ್ಷ ಇನ್ನೂ ಆಳದ ಬೋರುಗಳು ಬಿದ್ದಿದ್ದವು, ಬತ್ತಿದ್ದು ಅದಕ್ಕೆ ಎಂದು ನಾನು ಎಷ್ಟು ಸಲ ಹೇಳಿದರೂ ಅತ್ತಿಗೆ ಕೇಳುವವಳಲ್ಲ. "ನಿಮ್ಮಣ್ಣನ ಬಾಯಿ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಅಂದಿನಿಂದ ಬಾವಿಯ ವಿಷಯ ಬಂದರೆ ಅವಳ ತುಟಿ ಬಿಗಿಯುತ್ತದೆ.

ಆ ಸಲದ ಚಳಿಗಾಲದಲ್ಲಿ ಸರ್ವೆಯವರು ಬಂದರು. ಭಾನುವಾರ, ನಾನೂ ತವರಲ್ಲಿದ್ದೆ. ಹೊಲಕ್ಕೆ ಹೊಂದಿದ ಮನೆಯ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಬಣ್ಣದ ಜಾಕೀಟು ಹಾಕಿದ ಇಬ್ಬರು ಯುವಕರು, ಕೈಯಲ್ಲಿ ದೊಡ್ಡ ಫೋನಿನಂಥದ್ದು. ಬೆಂಗಳೂರು ಕಡೆಯ ಮಾತು, ಒಳ್ಳೆಯ ನಡವಳಿಕೆ. ಜಮೀನು ಏನೇನಕ್ಕೆ ಬಳಕೆಯಾಗುತ್ತಿದೆ ಎಂದು ಬರೆದುಕೊಳ್ಳಲು ಬಂದಿದ್ದೇವೆ ಎಂದರು.

ಮಲ್ಲಿಗೆ ಬೆಳೆದವರಿಗೆ ಗೊತ್ತು, ಚಳಿಗಾಲದಲ್ಲಿ ಆ ತೋಟ ನೋಡುವಂತಿರುವುದಿಲ್ಲ. ಗಿಡಕ್ಕೆ ವಿಶ್ರಾಂತಿ ಕೊಡಲೆಂದು ನೀರು ನಿಲ್ಲಿಸಿ, ಕೊಂಬೆ ಸವರಿ, ಎಲೆ ಉದುರಲು ಬಿಡುತ್ತಾರೆ. ಹೀಗೆ ಒಣಗಿಸಿದರೇ ಮುಂದೆ ಬೇಸಿಗೆಯಲ್ಲಿ ಹೂವು ಒತ್ತೊತ್ತಾಗಿ ಬರುವುದು. ಆ ದಿನ ತೋಟದಲ್ಲಿದ್ದದ್ದು ಬರೀ ಬೋಳು ಕಡ್ಡಿ, ನಡುವೆ ಗೊಬ್ಬರಕ್ಕೆಂದು ನಿಲ್ಲಿಸಿದ್ದ ಕುರಿಗಳ ಹಿಕ್ಕೆ. ನೀರು ನಿಲ್ಲಿಸಿದ ದಿನಗಳೆಂದು ಬಾವಿಯ ಮೋಟರು ಬಿಚ್ಚಿ ರಿಪೇರಿಗೆ ಕೊಟ್ಟಿದ್ದರು.

"ಅಮ್ಮ, ಈ ಬಾವಿ ಬಳಸ್ತೀರಾ?" ಒಬ್ಬ ಕೇಳಿದ.

"ಎಲ್ಲಿ ಬಳಸ್ತೀವಪ್ಪಾ, ನಮ್ಮ ಮುತ್ಯಾರ ಕಾಲದ್ದು" ಎಂದಳು ಅತ್ತಿಗೆ.

"ನೀರು ಇದೆಯಾ?"

"ಏನು ನೀರು. ಕಪ್ಪಿ ಸೈತ ಬಿಟ್ಟು ಹೋಗ್ಯಾವ."

"ಈ ಗಿಡ?"

"ಏನೋ ನಾಕು ಕಡ್ಡಿ ಅದಾವ."

ಅವನು ಬೆರಳಿನಿಂದ ಒತ್ತಿ ಒತ್ತಿ ಬರೆದುಕೊಂಡ. ಅತ್ತಿಗೆ ಒಳಗೆ ಹೋಗಿ ಇಬ್ಬರಿಗೂ ಒಂದೊಂದು ದೊಡ್ಡ ಲೋಟ ಮಜ್ಜಿಗೆ ತಂದಳು. ಅದಕ್ಕೆ ಬೆರೆಸಿದ ನೀರು ಯಾವ ಬಾವಿಯದೆಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಅವರು ಕೈ ಮುಗಿದು ಹೋದ ಮೇಲೆ ನಾನು ಕಪ್ಪೆಯ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಾವಿಯಲ್ಲಿ ಆಗ ಎರಡಾಳು ನೀರಿತ್ತು. ನನ್ನನ್ನು ಕೇಳಿದ್ದರೆ ನಾನೂ ಅದೇ ಉತ್ತರ ಕೊಡುತ್ತಿದ್ದೆ.

ಯುಗಾದಿ ಕಳೆದು ತೋಟ ಬೆಳ್ಳಗಾದ ಹೊತ್ತಿಗೆ ಪಂಚಾಯ್ತಿಯ ಗೋಡೆಗೆ ಪ್ರಕಟಣೆ ಅಂಟಿತು. ಪತ್ರಿಕೆಯಲ್ಲೂ ಬಂತು, ಕಚೇರಿಯಲ್ಲಿ ಚಹಾ ಕುಡಿಯುತ್ತಾ ನಾನೇ ಓದಿದೆ. ಹಡಗಲಿಯಿಂದ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಯ ತನಕ, ನಮ್ಮ ತಂಬ್ರಹಳ್ಳಿ ಕಡೆಯೂ ಸೇರಿ, ದೊಡ್ಡ ವಿದ್ಯುತ್ ಮಾರ್ಗ ಹಾದುಹೋಗುವ ನೆಲದ ಪಟ್ಟಿಗೆ ಹೊಸ ವಲಯ ನಿಯಮದ ಕರಡು. ಇಷ್ಟು ದಿನ ಕೃಷಿ ವಲಯವಾಗಿದ್ದ ಈ ನೆಲದಲ್ಲಿ ಇನ್ನು ಮುಂದೆ ಡೇಟಾ ಸೆಂಟರುಗಳಿಗೆ ಅವಕಾಶ. ಬಳಕೆಯಲ್ಲಿರುವ ಕುಡಿಯುವ ನೀರಿನ ಮೂಲ, ನೀರಾವರಿ ತೋಟ, ವಾಸದ ಮನೆಗಳು ಇದ್ದಲ್ಲಿ ದೂರ ಬಿಡಬೇಕು. ಪಾಳು ಬಿದ್ದ ನೆಲದಲ್ಲಿ ಬಿಡಬೇಕಾಗಿಲ್ಲ. ನಮ್ಮ ಹೊಲದ ಪಕ್ಕದ ಜಮೀನಿನವರು ದಾವಣಗೆರೆ ಸೇರಿ ವರ್ಷಗಳಾಗಿದ್ದವು, ಅದನ್ನು ಯಾವುದೋ ಕಂಪನಿಗೆ ಲೀಸಿಗೆ ಕೊಟ್ಟಿದ್ದು ಊರಿಗೆಲ್ಲ ಗೊತ್ತಿತ್ತು. ಸೋಲಾರು ಹಾಕುತ್ತಾರೇನೋ ಎಂದುಕೊಂಡಿದ್ದೆವು.

ಮಧ್ಯಾಹ್ನ ರಜೆ ಹಾಕಿ ಕರಡಿನ ಜೊತೆಗಿದ್ದ ನಕ್ಷೆ ನೋಡಲು ಪಂಚಾಯ್ತಿಗೆ ಹೋದೆ. ಮೇಜಿನ ಮೇಲೆ ಹರಡಿದ್ದರು. ನಮ್ಮ ಹೊಲ ಹುಡುಕುವುದು ಕಷ್ಟವಾಗಲಿಲ್ಲ, ಹಳ್ಳದ ತಿರುವಿನ ಹತ್ತಿರವೇ ಇತ್ತು. ಮಲ್ಲಿಗೆ ತೋಟದ ಜಾಗದಲ್ಲಿ "ಪಾಳು ಭೂಮಿ, ಕುರುಚಲು ಗಿಡ" ಎಂದು ಬರೆದಿತ್ತು. ಬಾವಿಯ ಜಾಗದಲ್ಲಿ ಸಣ್ಣ ವೃತ್ತ, ಪಕ್ಕದಲ್ಲಿ "ಪಾಳು ಬಾವಿ, ಬಳಕೆಯಲ್ಲಿಲ್ಲ."

ನನಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ. ಆ ಹುಡುಗರು ಕೇಳಿದ್ದನ್ನು ಕೇಳಿದಂತೆಯೇ ಬರೆದಿದ್ದರು. ಬೇಲಿಯಾಚೆ ಕಟ್ಟಡ ಎದ್ದು, ಅದರ ಯಂತ್ರಗಳಿಗೆಂದು ಆಳದ ಬೋರುಗಳು ಬಿದ್ದರೆ ನಮ್ಮ ಬಾವಿ ಎಷ್ಟು ಬೇಸಿಗೆ ತಡೆದೀತು. ಆಗ ನಾವು ಯಾರ ಹತ್ತಿರ ಹೋಗಿ ಏನೆಂದು ಹೇಳುವುದು. ಕಾಗದದ ಪ್ರಕಾರ ಅದು ಆಗಲೇ ಸತ್ತ ಬಾವಿ.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೊದಲೇ ನನ್ನದು ಕಾಲು ನಿಲ್ಲದ ಸ್ವಭಾವ, ಈಗ ಮನೆಯವರೆಲ್ಲ ಬೇಸತ್ತರು. ಪರೀಕ್ಷೆಯ ಕೆಲಸಕ್ಕೆಂದು ಕೂಡ್ಲಿಗಿಗೆ ಹೋದರೆ ಬಸ್ಸಿನ ಕಿಟಕಿಯಿಂದ ಕಾಣುವ ಬಯಲೆಲ್ಲ ನಕ್ಷೆಯಲ್ಲಿ ಏನೆಂದು ದಾಖಲಾಗಿರಬಹುದು ಎಂಬುದೇ ಯೋಚನೆ. ಶೇಂಗಾ ಕಿತ್ತ ಹೊಲ ಬೋಳಾಗಿರುತ್ತದೆ, ಮಳೆಗೆ ಕಾಯುವ ಎರೆ ನೆಲ ಬಿರುಕು ಬಿಟ್ಟಿರುತ್ತದೆ, ನೋಡಿದವರು ಖಾಲಿ ಎಂದೇ ಬರೆಯುತ್ತಾರೆ. ಕೊಟ್ಟೂರಿನಲ್ಲಿ ಗೆಳತಿಯೊಬ್ಬಳನ್ನು ಕೇಳಿದೆ, ನಿಮ್ಮ ಕಡೆಯೂ ಜಾಕೀಟಿನವರು ಬಂದಿದ್ದರೇ ಎಂದು. "ಬಂದಿದ್ರು. ನಮ್ಮ ಮಾವ ಏನೂ ಇಲ್ರಿ ಅಂತ ಕಳಿಸಿದ್ರು" ಎಂದು ಹಗುರವಾಗಿ ಹೇಳಿದಳು. ಹರಪನಹಳ್ಳಿ ಹತ್ತಿರದ ಅರಸೀಕೆರೆಯ ಕಡೆ ಮದುವೆಗೆ ಹೋದಾಗಲೂ ಪಂಕ್ತಿಯಲ್ಲಿ ಪಕ್ಕ ಕೂತವರಿಂದ ಅದೇ ಉತ್ತರ. ಹಲವಾಗಲಿನಲ್ಲಿ ನಮ್ಮ ದೊಡ್ಡಮ್ಮನ ಮನೆ ಹೊಳೆಯ ದಂಡೆಗೇ ಇದೆ. ಅವಳೂ ಸರ್ವೆಯವರಿಗೆ, ಹೊಳೆಯಲ್ಲಿ ಎಲ್ಲಿದೆಯಪ್ಪಾ ನೀರು ಎಂದಿದ್ದಳಂತೆ. ಹೊಳೆಯನ್ನೇ ಇಲ್ಲ ಎಂದವಳಿಗೆ ನಾನು ಏನು ಹೇಳಲಿ. ಅವಳು ಬಡಿಸಿದ ಎಲೆಯ ಮುಂದೆ ನಕ್ಕುಬಿಟ್ಟೆ, ಆಮೇಲೆ ಉಣ್ಣಲು ಮನಸ್ಸಾಗಲಿಲ್ಲ.

ಕರಡಿಗೆ ಆಕ್ಷೇಪಣೆ ಹೇಳಲು ನಮ್ಮೂರಲ್ಲೇ ಸಭೆ ಎಂದು ಗೊತ್ತಾದ ದಿನ ತೋಟಕ್ಕೆ ಹೋದೆ. ಅತ್ತಿಗೆ ಬಗ್ಗಿ ಮೊಗ್ಗು ಬಿಡಿಸುತ್ತಿದ್ದಳು. ನಾನೂ ಸೆರಗು ಸಿಕ್ಕಿಸಿ ಪಕ್ಕದ ಸಾಲಿಗೆ ಇಳಿದೆ. ಡೇಟಾ ಸೆಂಟರು ಎಂದರೇನು ಎಂದು ಅವಳೇ ಕೇಳಿದಳು.

"ಮೊಬೈಲ್ನಾಗ ನೀ ಫೋಟೋ ಕಳಿಸ್ತೀಯಲ್ಲ, ಅವೆಲ್ಲಾ ಇಡೋ ಗೋಡೌನು" ಎಂದೆ.

"ಫೋಟೋ ಇಡಾಕ ನೀರು ಯಾಕವ್ವಾ?"

"ಮಿಷನ್ನು ಕಾಯ್ತಾವ. ತಣ್ಣಗಿಡಬೇಕು."

ಅತ್ತಿಗೆಗೆ ಬೆಳಿಗ್ಗೆ ಎದ್ದರೆ ನಮಗೆಲ್ಲ ಶುಭೋದಯದ ಹೂವಿನ ಚಿತ್ರ ಕಳಿಸುವ ಹುಚ್ಚು. ಇನ್ನೆರಡು ಮೊಗ್ಗು ಬಿಡಿಸಿ ಅವಳೇ ಅಂದಳು, "ಹಂಗಾದ್ರ ನಾ ಕಳಿಸಿದ ಹೂವಿನ ಫೋಟೋ ಬಾಡಬಾರ್ದು ಅಂತ ನನ್ನ ಹೂವಿನ ನೀರು ಬೇಕಂತೇನು."

ಇಬ್ಬರೂ ನಕ್ಕೆವು. ಆ ನಗುವಿನ ಬಿಸಿಯಲ್ಲೇ ವಿಷಯಕ್ಕೆ ಬಂದೆ. ಸಭೆಯಲ್ಲಿ ಎದ್ದು ನಿಂತು ಬಾವಿಯಲ್ಲಿ ನೀರಿದೆ ಎಂದು ಹೇಳು, ಅಷ್ಟೇ ಸಾಕು ಎಂದೆ. ಅವಳ ಕೈ ನಿಂತಿತು.

"ನಾ ಹೇಳಂಗಿಲ್ಲ."

"ಯಾಕ?"

"ಯಾಕ ಅಂತ ನಿನಗ ಗೊತ್ತೈತಿ."

"ನೀ ಬಾಯಿ ಮುಚ್ಚಿಕೊಂಡು ಕುಂತ್ರೂ ಬತ್ತತೈತಿ ಅತ್ತಿಗಿ. ಪಕ್ಕದಾಗ ಬೋರು ಕೊರೀತಾರ."

"ಅವರು ಕೊರದು ಬತ್ತಿದ್ರ ಅವರ ಪಾಪ. ನಾ ಹೇಳಿ ಬತ್ತಿದ್ರ?"

ನನಗೆ ರೇಗಿತು. ಓದಿದವಳೆಂಬ ಕೊಬ್ಬಿನಿಂದ ಏನೇನೋ ಅಂದೆ. ದೃಷ್ಟಿಗೂ ಅಂತರ್ಜಲಕ್ಕೂ ಏನು ಸಂಬಂಧ ಎಂದು ಪಾಠ ಮಾಡಿದೆ. ಅವಳು ಮತ್ತೆ ಮೊಗ್ಗು ಬಿಡಿಸತೊಡಗಿದಳು. ಹಾಗಾದರೆ ನಾನೇ ಹೇಳುತ್ತೇನೆ ಎಂದಾಗ ಮಾತ್ರ ತಲೆ ಎತ್ತಿ ನನ್ನನ್ನು ನೋಡಿದಳು. ನಮ್ಮಲ್ಲಿ ತನ್ನ ಮನೆಯದನ್ನು ಇದೆ ಎಂದು ಹೇಳಿಕೊಳ್ಳುವುದು ದೊಡ್ಡಸ್ತಿಕೆ, ಇನ್ನೊಬ್ಬರ ಮನೆಯದನ್ನು ಇದೆ ಎಂದು ಸಾರುವುದು ಕೇಡು ಬಯಸಿದಂತೆ. ಮದುವೆಯಾಗಿ ಹೊರಗೆ ಹೋದ ನನಗೆ ಆ ಬಾವಿ ಈಗ ಇನ್ನೊಬ್ಬರ ಮನೆಯದೇ. ನಾನು ಬುಟ್ಟಿ ಅಲ್ಲೇ ಇಟ್ಟು ಬಸ್ಸಿಗೆ ಹೋದೆ. ಫೋನಿನಲ್ಲಿ ಅಣ್ಣನಿಗೆ ಹೇಳಿದರೆ, ಲಾರಿಯ ಸದ್ದಿನ ನಡುವೆ, "ಅದು ಆಕಿದು. ಆಕಿಗೆ ಬಿಡು" ಎಂದು ಇಟ್ಟುಬಿಟ್ಟ. ಒಮ್ಮೆ ಬಾಯಿ ಸುಟ್ಟುಕೊಂಡವನು ಮತ್ತೇನು ಹೇಳಿಯಾನು.

ಸಭೆ ಸಮುದಾಯ ಭವನದಲ್ಲಿ. ಗಂಡಸರೆಲ್ಲ ಮುಂದೆ, ಹೆಂಗಸರು ಗೋಡೆಯ ಪಕ್ಕ ಜಮಖಾನದ ಮೇಲೆ. ಅತ್ತಿಗೆ ಹೂ ಮಾರಿ ನೇರ ಬಂದವಳು ಖಾಲಿ ಬುಟ್ಟಿ ಬದಿಗಿಟ್ಟು ನನ್ನ ಪಕ್ಕ ಕೂತಳು, ಆದರೆ ನನ್ನ ಕಡೆ ನೋಡಲಿಲ್ಲ. ಮೇಜಿನ ಹಿಂದೆ ಯೋಜನಾ ಕಚೇರಿಯ ಅಧಿಕಾರಿ, ನಡುವಯಸ್ಸಿನವರು, ಸಮಾಧಾನದ ಮನುಷ್ಯ. ಅವರ ಪಕ್ಕದಲ್ಲಿ ಕಂಪನಿಯ ಕಡೆಯ ಯುವಕ, ಇಸ್ತ್ರಿ ಅಂಗಿ.

ಜನ ಕೇಳುವುದನ್ನೆಲ್ಲ ಕೇಳಿದರು. ಜನರೇಟರು, ಫ್ಯಾನು ಹಗಲೂ ರಾತ್ರಿ ಗುಂಯ್ ಅಂತಾವಂತಲ್ರಿ, ಮನೆಗೆ ಎಷ್ಟು ದೂರ ಬಿಡ್ತೀರಿ ಎಂದು ಒಬ್ಬರು. ನಮ್ಮೂರವರಿಗೆ ಏನು ಕೆಲಸ ಕೊಡ್ತೀರಿ ಎಂದು ಇನ್ನೊಬ್ಬರು. ಕಾವಲು, ಮತ್ತೆ ಕಟ್ಟಡದ ಮುಂದೆ ಗಾರ್ಡನ್ ನೋಡಿಕೊಳ್ಳುವ ಕೆಲಸ ಇರುತ್ತದೆ ಎಂದ ಯುವಕ. "ಇರೋ ತ್ವಾಟ ಒಣಗಿಸಿ ಗೇಟಿನ ಮುಂದ ತ್ವಾಟ ಮಾಡಸ್ತಾರಂತ" ಎಂದು ಹಿಂದಿನಿಂದ ಯಾರೋ ಅಂದರು, ಎಲ್ಲರೂ ನಕ್ಕರು. ಕೊನೆಗೆ ಒಟ್ಟಾಗಿ ನಮಗೆ ಬೇಡ ಎಂದರು.

ಅಧಿಕಾರಿ ತಾಳ್ಮೆಯಿಂದಲೇ ಹೇಳಿದರು, "ಬೇಡ ಅಂದರೆ ಆಕ್ಷೇಪಣೆ ಆಗೋದಿಲ್ಲ. ಕಾರಣ ಬೇಕು. ಇಲ್ಲಿ ಬಳಕೆಯಲ್ಲಿರೋ ನೀರಿನ ಮೂಲ ಇದ್ದಿದ್ದರೆ ನಿಯಮವೇ ದೂರ ಬಿಡಿ ಅನ್ನುತ್ತಿತ್ತು. ಸರ್ವೆಯಲ್ಲಿ ನೀವೇ ಇಲ್ಲ ಅಂತ ಹೇಳಿದ್ದೀರಿ."

ಅಲ್ಲಿದ್ದ ಅರ್ಧ ಜನ ಆ ಬಾವಿಯ ನೀರು ಕುಡಿದವರು. ಒಬ್ಬೊಬ್ಬರೂ ತಮ್ಮ ಕಾಲ ಬೆರಳು ನೋಡಿಕೊಂಡರು. ನಾನು ಎದ್ದೆ, ಕೂತೆ, ಮತ್ತೆ ಎದ್ದೆ. ಏನಮ್ಮಾ ಎಂದು ಅಧಿಕಾರಿ ಕೇಳಿದರು. ನನ್ನ ಸೀರೆಯ ನೆರಿಗೆ ಹಿಡಿದು ಯಾರೋ ಕೆಳಕ್ಕೆ ಎಳೆದರು. ನೋಡಿದರೆ ಅತ್ತಿಗೆ. ನನ್ನನ್ನು ಕೂರಿಸಿ ತಾನು ಎದ್ದಳು.

"ಆ ಬಾವಿ ನಂದು" ಎಂದಳು. ದನಿ ಸಣ್ಣದಿತ್ತು. "ಅದ್ರಾಗ ನೀರು ಐತಿ."

ಮೈಕು ತಂದು ಕೊಟ್ಟರು. ಅವಳು ಅದನ್ನು ಹಿಡಿಯುವ ರೀತಿ ತಿಳಿಯದೆ ಕೊಡದ ಕಂಠ ಹಿಡಿದಂತೆ ಹಿಡಿದಳು.

"ಬ್ಯಾಸಿಗಿಯಾಗೂ ಐತಿ. ಮಲ್ಲಿಗಿಗೆ ಬಿಟ್ಟು, ಸಾಲುಮನಿಯವರು ತುಂಬಿಕೊಂಡು, ಮ್ಯಾಲ ಉಳಿತೈತಿ. ಇವತ್ತು ಸೈತ ಎರಡಾಳು ಐತಿ."

ನನ್ನ ಹಿಂದೆ ಕೂತ ಮುದುಕಿ ಎರಡೂ ಕೈ ಕೆನ್ನೆಗೊತ್ತಿ ಲಟಿಕೆ ಮುರಿದಳು. ಇನ್ನೊಬ್ಬಳು ನೆಲಕ್ಕೆ ಥೂ ಥೂ ಎಂದಳು. ಅತ್ತಿಗೆಯ ಕುತ್ತಿಗೆಯ ಹಿಂಭಾಗ ಬೆವರಿನಿಂದ ಹೊಳೆಯುತ್ತಿತ್ತು. ಅವಳು ಹೇಳಿದ್ದು ಕೇಳಿ ಮುಂದಿನ ಸಾಲಿನಿಂದ ಒಬ್ಬರು, ನಮ್ಮ ಬೋರೂ ಐತ್ರಿ ಎಂದರು. ಆಮೇಲೆ ಮತ್ತೊಬ್ಬರು. ನೋಡುತ್ತಿದ್ದಂತೆ ಅಲ್ಲಲ್ಲಿ ಜನ ಎದ್ದು ನಮ್ಮದೂ ಐತಿ, ನಮ್ಮದೂ ಐತಿ ಎನ್ನತೊಡಗಿದರು. ಹುಟ್ಟಿದಾಗಿನಿಂದ ನೋಡಿದ ಊರು, ಅಷ್ಟು "ಐತಿ"ಗಳನ್ನು ನಾನು ಒಟ್ಟಿಗೆ ಕೇಳಿದ್ದು ಅವತ್ತೇ. ನನ್ನ ಕಣ್ಣು ತುಂಬಿಬಂತು. ಅಧಿಕಾರಿಯೂ ಬರೆದುಕೊಳ್ಳುತ್ತಿದ್ದರು. ಗೆದ್ದೆವು ಎಂದುಕೊಂಡೆ.

ಆಗ ಆ ಯುವಕ ಅಧಿಕಾರಿಯ ಕಡೆ ವಾಲಿ, ಮೈಕಿನಲ್ಲೇ ಹೇಳಿದ, "ಸರ್, ಅಂದರೆ ಈ ಭಾಗದಲ್ಲಿ ಅಂತರ್ಜಲ ಚೆನ್ನಾಗಿದೆ ಅಂತಾಯ್ತು. ನಮ್ಮ ಅರ್ಜಿಯಲ್ಲಿ ನೀರಿನ ಲಭ್ಯತೆ ತೋರಿಸಬೇಕಿತ್ತು. ಸಾರ್ವಜನಿಕರೇ ಹೇಳಿದ್ದಾರೆ, ಅದನ್ನೂ ದಾಖಲಿಸಿಕೊಳ್ಳಿ."

ಅವನು ವ್ಯಂಗ್ಯವಾಡಲಿಲ್ಲ, ಅವನ ಕೆಲಸ ಅವನು ಮಾಡಿದ. ನೀರಿಲ್ಲ ಎಂದರೆ ಪಾಳು ನೆಲ, ಕಟ್ಟಲು ಅಡ್ಡಿಯಿಲ್ಲ. ನೀರಿದೆ ಎಂದರೆ ಬೇಕಾದಷ್ಟು ನೀರಿದೆ, ಕಟ್ಟಲು ಅನುಕೂಲ. ಎರಡು ಬಾಗಿಲೂ ಒಂದೇ ಕೋಣೆಗೆ ತೆರೆಯುತ್ತಿದ್ದವು, ಅತ್ತಿಗೆಯನ್ನು ಆ ಬಾಗಿಲಿಗೆ ತಳ್ಳಿದವಳು ನಾನು. ಎದ್ದಿದ್ದವರೆಲ್ಲ ಒಬ್ಬೊಬ್ಬರಾಗಿ ಕೂತರು.

ಅತ್ತಿಗೆ ಮಾತ್ರ ಕೂತಿರಲಿಲ್ಲ. ಮೈಕೂ ಅವಳ ಕೈಯಲ್ಲೇ ಇತ್ತು.

"ಸಾಹೇಬ್ರ" ಎಂದಳು. "ನಾ ಐತಿ ಅಂದೀನಿ. ಕೊಡ್ತೀನಿ ಅಂದಿಲ್ಲ."

ಅಧಿಕಾರಿ ತಲೆ ಎತ್ತಿದರು.

"ನನಗ ಮಗಳು ಅದಾಳ ಅಂದ್ರ, ಕೇಳಿದವರಿಗೆಲ್ಲಾ ಕೊಡ್ತೀನಿ ಅಂದಂಗ ಆತೇನ್ರಿ? ಐತಿ ಅನ್ನೋದು ಬರಕೊಂಡ್ರಿ. ಕೊಡಂಗಿಲ್ಲ ಅನ್ನೋದೂ ಬರಕೊಳ್ರಿ."

ಗಂಡಸರ ಕಡೆಯಿಂದ ನಗು, ಚಪ್ಪಾಳೆ, ಶಿಳ್ಳೆ. ಅಧಿಕಾರಿಯ ಮುಖದಲ್ಲೂ ಸಣ್ಣ ನಗು ಬಂತು. ಅವರು ಪೆನ್ನು ಹಿಡಿದು ಏನೋ ಬರೆದರು. ಏನು ಬರೆದರೋ ನನಗೆ ಕಾಣಲಿಲ್ಲ. ಅತ್ತಿಗೆ ಬುಟ್ಟಿ ಎತ್ತಿಕೊಂಡು ಹೊರಟಳು. ಹೊರಗೆ ಹೆಂಗಸರು ಸುತ್ತುವರಿದು ಹೊಗಳಿದರೆ ಅವಳು ಬೆದರಿದವಳಂತೆ, ನನಗೆ ಏನೂ ಗೊತ್ತಿಲ್ಲ, ನಾನೇನು ಹೇಳಿದೆ ಎಂದು ಬಿರಬಿರನೆ ಮನೆ ಸೇರಿದಳು. ಹೋದವಳೇ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಿವಾಳಿಸಿದ್ದು ತನಗಲ್ಲ, ಬಾವಿಗೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೆ, ಈ ಸಲ ಪಾಠ ಮಾಡಲಿಲ್ಲ.

ಅದಾಗಿ ತಿಂಗಳುಗಳು ಕಳೆದಿವೆ. ಒಬ್ಬ ಬಂದು ಬಾವಿಗೆ ಟೇಪು ಇಳಿಬಿಟ್ಟು ಅಳೆದುಕೊಂಡು ಹೋದ. ತಿದ್ದಿದ ನಕ್ಷೆಯಲ್ಲಿ "ಪಾಳು" ಎಂಬ ಮಾತು ಹೋಗಿದೆ, "ಬಳಕೆಯಲ್ಲಿದೆ" ಎಂದು ಬಂದಿದೆ. ಪಕ್ಕದ ಹೊಲದ ಮೇಲಿನ ಗೆರೆಗಳು ಮಾತ್ರ ಇದ್ದಂತೆಯೇ ಇವೆ. ಎಷ್ಟು ದೂರ ಬಿಡಬೇಕು ಎಂಬುದು ಮೇಲಿನವರ ಪರಿಶೀಲನೆಯಲ್ಲಿದೆ ಎನ್ನುತ್ತಾರೆ, ಕೇಳಿದಾಗಲೆಲ್ಲ ಅದೇ ಉತ್ತರ. ಈ ನಡುವೆ ಪಕ್ಕದ ಹೊಲಕ್ಕೆ ಪರೀಕ್ಷೆಗೆಂದು ಬೋರ್ ಕೊರೆಯುವ ಲಾರಿ ಬಂದು ಹೋಗಿದೆ. ಎಷ್ಟು ಆಳ ಕೊರೆದರು, ಎಷ್ಟು ನೀರು ಬಂತು, ಅವರೂ ಹೇಳಲಿಲ್ಲ.

ನನಗೆ ಸಮಾಧಾನವಿಲ್ಲ. ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ಫೋನು ಮಾಡಿ, ಬಾವಿಯಲ್ಲಿ ನೀರಿದೆಯೇ ಎಂದು ಕೇಳುವುದು ಅಭ್ಯಾಸವಾಗಿತ್ತು. ಅತ್ತಿಗೆ "ಐತಿ" ಅನ್ನುತ್ತಿದ್ದಳು. ಹಿಂದಿನಂತೆ ಇಲ್ಲ ಎಂದು ತಮಾಷೆಗೂ ಅನ್ನುವಂತಿರಲಿಲ್ಲ. ಸಭೆಯ ಎದುರು ಹೇಳಿದ ಮಾತು, ಈಗ ಇಲ್ಲ ಅಂದದ್ದನ್ನು ಯಾರಾದರೂ ಕೇಳಿಸಿಕೊಂಡು ಅಧಿಕಾರಿಗೆ ಹೇಳಿದರೆ ಮತ್ತೆ ಪಾಳು ಎಂದು ಬರೆದಾರು. ಇಲ್ಲ ಎನ್ನುತ್ತಿದ್ದ ಕಾಲದಲ್ಲಿ ಅವಳು ಬಾವಿಯನ್ನು ಬಗ್ಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ, ಸ್ವಿಚ್ಚು ಹಾಕಿದರೆ ನೀರು ಬರುತ್ತಿತ್ತು. ಈಗ ಹೂವಿಗೆ ಕೈ ಹಾಕುವ ಮೊದಲು ಮೆಟ್ಟಿಲಿಳಿದು ನೀರು ಯಾವ ಕಲ್ಲಿನ ತನಕ ಇದೆ ಎಂದು ನೋಡಿ ಬರುತ್ತಾಳೆ ಎಂದು ಅಣ್ಣ ಹೇಳಿದ.

ಮೊನ್ನೆ ಎಂದಿನಂತೆ ಫೋನು ಮಾಡಿ ಕೇಳಿದೆ. ಅತ್ತಿಗೆಯ ಹಿಂದೆ ಮೋಟರಿನ ಸದ್ದು ಕೇಳುತ್ತಿತ್ತು.

"ಐತಿ" ಎಂದಳು. "ನೀ ದಿನಾ ಕೇಳಬ್ಯಾಡವ್ವಾ. ಹಿಂಗ ಕೇಳಿಕೋಂತ ಹೋದ್ರ ಒಂದಿನ ಇಲ್ಲ ಅನ್ನಬೇಕಾಕೈತಿ. ಅವತ್ತು ಅದು ಸುಳ್ಳಾಗಿರಂಗಿಲ್ಲ."

ಅಂದಿನಿಂದ ನಾನು ಊಟ ಆಯಿತೇ ಎಂದಷ್ಟೇ ಕೇಳುತ್ತೇನೆ.